ತಾನಾಗಿ ಚಲಿಸುವ ಯಂತ್ರ ಮತ್ತು ಗ್ರಾಹಕನ ಮನಸ್ಸು

ಗೃಹೋಪಯೋಗಿ ಉಪಕರಣಗಳ ವ್ಯಾಪಾರದಲ್ಲಿ ಬೆಲೆ, ವಿದ್ಯುತ್ ಬಳಕೆ ಹಾಗೂ ವಾರಂಟಿ ಅವಧಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ವಾಡಿಕೆ. ಆದರೆ ಉಪಕರಣವು ತಾನಾಗಿಯೇ ಚಲಿಸತೊಡಗಿದಾಗ ಗ್ರಾಹಕನ ಭಾವನೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಉದ್ಯಮಿಗಳು ಇದನ್ನು ಕಡೆಗಣಿಸುವಂತಿಲ್ಲ.

ಮನಶ್ಶಾಸ್ತ್ರಜ್ಞರಾದ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಅವರು 1944ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದರ ಮೂಲವನ್ನು ತೋರಿಸುತ್ತದೆ. ತ್ರಿಕೋನ, ವೃತ್ತಗಳು ಅತ್ತಿತ್ತ ಸರಿದಾಡುವ ಕಿರುಚಿತ್ರವನ್ನು ನೋಡಿದವರಲ್ಲಿ ಬಹುತೇಕರು ಅದನ್ನು ಜಗಳ, ಬೆನ್ನಟ್ಟುವಿಕೆಗಳ ಕಥೆಯಾಗಿಯೇ ಬಣ್ಣಿಸಿದರು. ಚಲನೆಯ ಹಿಂದೆ ಉದ್ದೇಶವನ್ನು ಕಾಣುವುದು ಮನುಷ್ಯ ಸ್ವಭಾವ.

ಅಮೆರಿಕದ ಐರೋಬಾಟ್ ಸಂಸ್ಥೆ 2002ರಲ್ಲಿ ಮಾರುಕಟ್ಟೆಗೆ ತಂದ ‘ರೂಂಬಾ’ ಎಂಬ ಕಸ ಹೀರುವ ಯಂತ್ರಕ್ಕೆ ಮುಖವಿಲ್ಲ, ಕೈಕಾಲುಗಳಿಲ್ಲ. ಆದರೂ ಹಲವು ಬಳಕೆದಾರರು ಅದಕ್ಕೆ ಹೆಸರಿಟ್ಟಿದ್ದನ್ನೂ, ಅದರ ಓಡಾಟಕ್ಕೆ ಅನುಕೂಲವಾಗುವಂತೆ ಮನೆಯ ಪೀಠೋಪಕರಣಗಳನ್ನೇ ಸರಿಸಿದ್ದನ್ನೂ ಜಾರ್ಜಿಯಾ ಟೆಕ್ ಸಂಶೋಧಕರು 2007ರಲ್ಲಿ ದಾಖಲಿಸಿದರು.

ಮಮತೆ ಬೆಳೆದಲ್ಲಿ ಹೊಣೆಯೂ ಬೆಳೆಯುತ್ತದೆ. ಜಪಾನಿನ ಸೋನಿ ಸಂಸ್ಥೆ 1999ರಲ್ಲಿ ಬಿಡುಗಡೆ ಮಾಡಿದ ‘ಐಬೋ’ ಯಂತ್ರನಾಯಿಯ ತಯಾರಿಕೆ 2006ರಲ್ಲಿ ನಿಂತಿತು; 2014ರಲ್ಲಿ ದುರಸ್ತಿ ಸೇವೆಯೂ ಮುಗಿಯಿತು. ಮುಂದೆ ಚಿಬಾ ಪ್ರಾಂತ್ಯದ ಬೌದ್ಧ ದೇವಾಲಯವೊಂದರಲ್ಲಿ ಕೆಟ್ಟುಹೋದ ಐಬೋಗಳಿಗೆ ಅಂತ್ಯವಿಧಿಗಳು ನಡೆದವು. ಅವುಗಳ ಬಿಡಿಭಾಗಗಳು ಉಳಿದ ಐಬೋಗಳ ದುರಸ್ತಿಗೆ ಒದಗಿದವು. ತಯಾರಕನ ದೃಷ್ಟಿಯಲ್ಲಿ ಹಳೆಯ ಮಾದರಿಯಾಗಿದ್ದುದು ಮಾಲೀಕನ ಪಾಲಿಗೆ ಮನೆಯ ಸದಸ್ಯನಾಗಿತ್ತು.

ಹಾಗೆಂದು ಮಮತೆಯೊಂದೇ ವ್ಯಾಪಾರವನ್ನು ಉಳಿಸದು. ಅಷ್ಟು ಜನಪ್ರಿಯತೆ ಗಳಿಸಿದ ಐರೋಬಾಟ್ ಸಂಸ್ಥೆಯೇ 2025ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೋಯಿತು. ಬೆಲೆ ಮತ್ತು ಗುಣಮಟ್ಟದ ಪೈಪೋಟಿಯನ್ನು ಎದುರಿಸದೆ ಗತ್ಯಂತರವಿಲ್ಲ.

ಸಣ್ಣ ತಯಾರಕರು ಇದರಿಂದ ಗ್ರಹಿಸಬೇಕಾದುದು ಸರಳ. ಜರ್ಕ್ ಹೊಡೆದು ಚಾಲೂ ಆಗುವ ಮೋಟಾರು, ದಡಾರನೆ ಮುಚ್ಚಿಕೊಳ್ಳುವ ಮುಚ್ಚಳ, ಸೂಚನೆಯಿಲ್ಲದೆ ತಿರುಗತೊಡಗುವ ಯಂತ್ರಭಾಗ ಇವು ವೃದ್ಧರಲ್ಲಿಯೂ ಮಕ್ಕಳಲ್ಲಿಯೂ ಅಂಜಿಕೆ ಹುಟ್ಟಿಸುತ್ತವೆ. ನಿಧಾನವಾಗಿ ವೇಗ ಪಡೆದು ನಿಧಾನವಾಗಿ ನಿಲ್ಲುವ, ಚಲಿಸುವ ಮುನ್ನ ಸದ್ದು ಅಥವಾ ದೀಪದ ಮೂಲಕ ಸೂಚಿಸುವ, ಕೈಗೆ ಸುಲಭವಾಗಿ ಎಟಕುವ ಸ್ವಿಚ್ಚಿನಿಂದ ಕೂಡಲೇ ನಿಲ್ಲುವ ಯಂತ್ರವು ವಿಶ್ವಾಸ ಗಳಿಸುತ್ತದೆ. ವ್ಯಾಪಾರಿಗಳೂ ಬಿಡಿಭಾಗಗಳ ದಾಸ್ತಾನನ್ನು ಹೊರೆಯೆಂದು ಭಾವಿಸಬಾರದು. ಕೆಟ್ಟ ಯಂತ್ರಕ್ಕೆ ಬದಲಾಗಿ ಹೊಸದನ್ನು ಮಾರುವ ಆತುರಕ್ಕಿಂತ, ಗ್ರಾಹಕನು ಒಗ್ಗಿಕೊಂಡ ಯಂತ್ರವನ್ನೇ ಸರಿಪಡಿಸಿ ಹಿಂದಿರುಗಿಸುವುದು ದೀರ್ಘಕಾಲದ ವ್ಯವಹಾರಕ್ಕೆ ಹಿತಕರ.