ಹೊಂದಿಕೊಂಡು ಹೋಗೆನ್ನುವ ಮುನ್ನ

ನಿದ್ರಾನಾಶ, ತಲೆನೋವು, ಎದೆಬಡಿತವೆಂದು ಬರುವ ಗೃಹಿಣಿಗೆ ಔಷಧ ಕೊಡುವುದು ಸುಲಭ. ಭಯ, ಶೋಕಗಳಿಂದ ವಾತವು ಪ್ರಕೋಪಗೊಳ್ಳುವುದೆಂದು ಆಯುರ್ವೇದವು ಹೇಳುತ್ತದೆ. ಆ ಭಯದ ಮೂಲವು ಮನೆಯೊಳಗೇ ಇದ್ದರೆ ಕಷಾಯವೇನು ಮಾಡೀತು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 44ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದಾಗಿ ತಿಳಿಸಿದ್ದಾರೆ. ಹಿಂಸೆಗೊಳಗಾದವರಲ್ಲಿ ಆತ್ಮಹತ್ಯೆಯ ಯೋಚನೆ, ಪ್ರಯತ್ನಗಳು ಇತರರಿಗಿಂತ ಹೆಚ್ಚೆಂಬುದು ಅನೇಕ ಅಧ್ಯಯನಗಳಿಂದ ದೃಢಪಟ್ಟಿದೆ. ಹೊಡೆತದಷ್ಟೇ ಮಾರಕವಾದುದು, ಬಿಡುಗಡೆಯ ದಾರಿಯಿಲ್ಲವೆಂಬ ಭಾವ. ತವರಿಗೆ ಬಂದ ಮಗಳನ್ನು 'ಹೊಂದಿಕೊಂಡು ಹೋಗು' ಎಂದು ಮರಳಿ ಕಳುಹಿಸುವ ನಾವು ಆಕೆಯ ಕೊನೆಯ ಬಾಗಿಲನ್ನೂ ಮುಚ್ಚುತ್ತೇವೆ.

'ಸಾಯಬೇಕೆನಿಸುತ್ತದೆಯೇ ತಾಯಿ?' ಎಂದು ಏಕಾಂತದಲ್ಲಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ಮನಸ್ಸಿನ ಭಾರ ಇಳಿಯುತ್ತದೆ. ಮಹಿಳಾ ಸಹಾಯವಾಣಿ 181, ಮಾನಸಿಕ ನೆರವಿನ ಟೆಲಿ-ಮಾನಸ್ 14416 ಹಗಲಿರುಳೂ ಲಭ್ಯ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯು ಆಕೆಗೆ ರಕ್ಷಣೆಯನ್ನೂ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ನೀಡಿದೆ.

ಸ್ತ್ರೀಗೂ ಸಮಾನವಾಗಿ ಇಷ್ಟಲಿಂಗವನ್ನು ಕರುಣಿಸಿದ ಬಸವಾದಿ ಶರಣರ ಧರ್ಮ ನಮ್ಮದು. ಲಿಂಗಧಾರಿಯಾದ ಪತ್ನಿಯ ಮೇಲೆ ಎತ್ತಿದ ಕೈಯಿಂದ ಮಾಡುವ ಪೂಜೆಯು ಶಿವನಿಗೆ ಸಲ್ಲದು. ಸದ್ಭಕ್ತರೇ, ಮಗಳು ಬಾಗಿಲಲ್ಲಿ ನಿಂತಾಗ ಮೊದಲು ಒಳಗೆ ಕರೆಯೋಣ, ಬುದ್ಧಿಮಾತು ಆಮೇಲಿರಲಿ.