ಸಮುದ್ರರಕ್ಷಣೆಯೂ ನಮ್ಮ ವಿದ್ಯಾರ್ಥಿಗಳೂ

ಬೆಂಗಳೂರು, ಮೈಸೂರು, ಮಂಗಳೂರು ಮೊದಲಾದ ನಗರಗಳ ವಿದ್ಯಾಶಾಲೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಸಭೆಯು ರೂಢಿಗೆ ಬಂದಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ವಿದ್ಯಾರ್ಥಿಗಳು ಒಂದೊಂದು ರಾಷ್ಟ್ರದ ರಾಯಭಾರಿಗಳ ಸ್ಥಾನದಲ್ಲಿ ಕುಳಿತು, ವಿಶ್ವಸಂಸ್ಥೆಯ ಕಟ್ಟಳೆಗಳನ್ನು ಅನುಸರಿಸಿ ವಾದಿಸಿ, ತಿದ್ದುಪಡಿಗಳನ್ನು ತಂದು, ಕೊನೆಗೆ ಮತವೆತ್ತಿ ಗೊತ್ತುವಳಿಗಳನ್ನು ಅಂಗೀಕರಿಸುವ ಈ ಸಭೆಗೆ ಮಾದರಿ ವಿಶ್ವಸಂಸ್ಥೆಯೆಂದು ಹೆಸರು. ಹಿಂದಿನ ರಾಷ್ಟ್ರಗಳ ಸಂಘವು ಬದುಕಿದ್ದ 1920ರ ದಶಕದಲ್ಲಿಯೇ ಅಮೆರಿಕದ ವಿದ್ಯಾಪೀಠಗಳಲ್ಲಿ ಹುಟ್ಟಿದ ಈ ಪದ್ಧತಿಯು ಈಗ ಲೋಕದಾದ್ಯಂತ ಹಬ್ಬಿದೆ. ಸಮುದ್ರದ ಜೀವರಾಶಿಗಳ ರಕ್ಷಣೆಯು ಇಂತಹ ಸಭೆಗಳಲ್ಲಿ ಮೇಲಿಂದ ಮೇಲೆ ಚರ್ಚೆಗೆ ಬರುವ ವಿಷಯಗಳಲ್ಲೊಂದು. ಅರಸೀಕೆರೆ, ಬೇಲೂರು, ಹಳೇಬೀಡುಗಳ ಶಾಲೆಗಳೂ ಇಂತಹ ಸಭೆಯನ್ನು, ಇದೇ ವಿಷಯವನ್ನು ಕುರಿತು, ಕನ್ನಡದಲ್ಲಿಯೇ ನಡೆಸತಕ್ಕದ್ದೆಂಬುದು ನಮ್ಮ ಸೂಚನೆ.

ಈ ಸೂಚನೆಯನ್ನು ಕೇಳಿ ಕೆಲವರು ನಗಬಹುದು. ಘಟ್ಟದ ಈಚೆಗೆ, ಮಳೆಯ ಮುಖವನ್ನೇ ನೋಡುತ್ತ ಕುಳಿತಿರುವ ಬಯಲುಸೀಮೆಯ ಮಕ್ಕಳಿಗೆ ಕಡಲಿನ ಗೊಡವೆ ಏತಕ್ಕೆಂದು ಕೇಳಬಹುದು. ಆದರೆ ಊರುಗಳ ಹೆಸರನ್ನೇ ನೋಡೋಣ. ಒಂದೂರು ಅರಸಿಯ ಕೆರೆಯಿಂದ ಹೆಸರು ಪಡೆಯಿತು. ಇನ್ನೊಂದು ಊರು ಹೊಯ್ಸಳರ ಕಾಲದಲ್ಲಿ ತನ್ನ ಕೆರೆಯನ್ನೇ ಸಮುದ್ರವೆಂದು ಕರೆದು ದ್ವಾರಸಮುದ್ರವೆನ್ನಿಸಿಕೊಂಡಿತು. ಹೆಸರಿನ ಮಾತು ಹಾಗಿರಲಿ. ನೀರಿನ ಹಾದಿಯನ್ನಾದರೂ ವಿಚಾರಿಸೋಣ. ಬಾಬಾಬುಡನ್ ಗಿರಿಗಳಲ್ಲಿ ಹುಟ್ಟಿ ಬೇಲೂರನ್ನು ಸೋಕಿ ಹರಿಯುವ ಯಗಚಿಯು ಹೇಮಾವತಿಯನ್ನು ಕೂಡುತ್ತದೆ. ಹೇಮಾವತಿಯು ಕಾವೇರಿಯನ್ನು ಕೂಡುತ್ತದೆ. ಕಾವೇರಿಯು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಬೇಲೂರಿನ ಚರಂಡಿಗೆ ಇಂದು ಬಿದ್ದ ಪ್ಲಾಸ್ಟಿಕ್ ಚೀಲಕ್ಕೂ ಆ ದಾರಿ ತೆರೆದಿದೆ. ಅದೇ ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಸಕಲೇಶಪುರದ ಕಾಡುಗಳಲ್ಲಿ ಬಿದ್ದ ಮಳೆಯು ಹಳ್ಳಗಳಾಗಿ ಘಟ್ಟವನ್ನಿಳಿದು, ಕುಮಾರಧಾರೆಯ ಮೂಲಕ ನೇತ್ರಾವತಿಗೆ ಸೇರಿ, ಮಂಗಳೂರಿನ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಕಾಣುತ್ತದೆ. ಒಂದೇ ಜಿಲ್ಲೆಯ ಮಳೆಯು ಎರಡು ಕಡಲುಗಳಿಗೆ ಪಾಲಾಗುತ್ತಿರುವಾಗ, ಕಡಲು ನಮಗೆ ಪರರ ವಿಷಯವೆಂದು ಹೇಳುವುದು ಹೇಗೆ?

ಇಷ್ಟರಿಂದಲೂ ತೃಪ್ತರಾಗದವರಿಗೆ ಎತ್ತಿನಹೊಳೆಯ ಯೋಜನೆಯನ್ನು ನೆನಪಿಗೆ ತರುತ್ತೇವೆ. ಪಶ್ಚಿಮಕ್ಕೆ ಹರಿಯುವ ಆ ಹಳ್ಳಗಳ ನೀರನ್ನು ಸಕಲೇಶಪುರದಲ್ಲಿ ತಡೆದು ಮೇಲೆತ್ತಿ, ಬೇಲೂರು, ಅರಸೀಕೆರೆ ತಾಲ್ಲೂಕುಗಳ ನೆಲದ ಮೇಲೆ ಕಾಲುವೆಯಲ್ಲಿ ಹರಿಸಿ, ತುಮಕೂರು, ಚಿಕ್ಕಬಳ್ಳಾಪುರ, ಕೋಲಾರಗಳವರೆಗೆ ಒಯ್ಯಬೇಕೆಂಬ ಈ ಯೋಜನೆಗೆ 2012ರಲ್ಲಿ ಸುಮಾರು 8,300 ಕೋಟಿ ರೂಪಾಯಿಗಳ ಅಂದಾಜಿಗೆ ಮಂಜೂರಾತಿ ದೊರೆಯಿತು. ಅಂದಾಜು ಬಳಿಕ 23,000 ಕೋಟಿಯನ್ನು ಮೀರಿತು. ಎತ್ತಲು ಉದ್ದೇಶಿಸಿದ ನೀರು 24.01 ಟಿ.ಎಂ.ಸಿ. ಅಡಿ. ಕುಡಿಯಲಿಕ್ಕೆಂದೂ 527 ಕೆರೆಗಳನ್ನು ತುಂಬಲಿಕ್ಕೆಂದೂ ಅದನ್ನು ಹಂಚಿದ್ದಾರೆ. 2024ನೆಯ ಸೆಪ್ಟೆಂಬರ್ 6ರಂದು ಮೊದಲನೆಯ ಹಂತದ ನೀರೆತ್ತುವ ಕಾರ್ಯಕ್ಕೆ ಚಾಲನೆ ಕೊಟ್ಟಾಗ, ಮುಂದಿನ ಕಾಲುವೆ ಮುಗಿದಿರಲಿಲ್ಲವಾದ್ದರಿಂದ ಆ ನೀರನ್ನು ವೇದಾವತಿಯ ಮೂಲಕ ವಾಣಿವಿಲಾಸ ಸಾಗರಕ್ಕೆ ಬಿಡಲಾಯಿತು.

ಈ ಯೋಜನೆಯನ್ನು ಸಮರ್ಥಿಸುವ ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: “ವ್ಯರ್ಥವಾಗಿ ಸಮುದ್ರ ಸೇರುವ ನೀರು.” ನಮ್ಮ ಮಕ್ಕಳು ತೂಗಿ ನೋಡಬೇಕಾದ ಮಾತು ಇದೇ. ಮಳೆಗಾಲದ ಹೊಳೆಯು ಕಡಲಿಗೆ ಬರಿಯ ನೀರನ್ನು ಒಯ್ಯುವುದಿಲ್ಲ. ಕಾಡಿನ ಗೋಡನ್ನೂ ಮೆಕ್ಕಲನ್ನೂ ಮರಳನ್ನೂ ಒಯ್ಯುತ್ತದೆ. ಆ ಸತ್ತ್ವದಿಂದ ಅಳಿವೆಯ ನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಸಸ್ಯಗಳು ಬೆಳೆಯುತ್ತವೆ. ಅವುಗಳನ್ನುಂಡು ಸೂಕ್ಷ್ಮಜೀವಿಗಳು, ಅವುಗಳನ್ನುಂಡು ಮೀನುಗಳು ಬೆಳೆಯುತ್ತವೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಅಳಿವೆಯು ಸಿಗಡಿಗೂ ಹಲವು ಜಾತಿಯ ಮರಿಮೀನುಗಳಿಗೂ ತೊಟ್ಟಿಲು. ಹೊಳೆಯ ಮರಳು ದಡವನ್ನು ಕಾಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳನ್ನು ನಿಲ್ಲಿಸುವುದು ಮೀನು ಮೊಟ್ಟೆಯಿಟ್ಟು ಮರಿಮಾಡಲೆಂದು. ಅದೇ ದಿನಗಳಲ್ಲಿ ಹೊಳೆಯು ತುಂಬಿ ಬಂದು ಆ ಮರಿಗಳಿಗೆ ಮೇವನ್ನು ತರುತ್ತದೆ. ಇದು ವ್ಯರ್ಥವಾದರೆ, ಗದ್ದೆಗೆ ಹಾಕಿದ ಗೊಬ್ಬರವೂ ವ್ಯರ್ಥವೇ.

ಆದರೆ ಅರಸೀಕೆರೆಯ ಬಾಯಾರಿಕೆಯೂ ಸುಳ್ಳಲ್ಲ. ಕೊಳವೆಬಾವಿಗಳು ಬತ್ತಿ, ತೆಂಗಿನ ತೋಟಗಳು ಸುಳಿ ಒಣಗಿ ನಿಂತುದನ್ನು ಈ ತಾಲ್ಲೂಕಿನ ಜನರು ಕಣ್ಣಾರೆ ಕಂಡಿದ್ದಾರೆ. ಬಿಂದಿಗೆ ಹೊತ್ತು ಸಾಲಿನಲ್ಲಿ ನಿಂತ ತಾಯಂದಿರಿಗೆ ಮರಿಮೀನಿನ ಕಥೆಯನ್ನು ಹೇಳಿ ಹಿಂದಕ್ಕೆ ಕಳುಹಿಸುವುದು ನ್ಯಾಯವಲ್ಲ. ಕರಾವಳಿಯವರು ನೇತ್ರಾವತಿಯನ್ನು ಬತ್ತಿಸಬೇಡಿರೆಂದು ಚಳುವಳಿ ಹೂಡಿದರು. ವ್ಯಾಜ್ಯವು ಹಸಿರು ನ್ಯಾಯಪೀಠದವರೆಗೂ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಆ ಹಳ್ಳಗಳಲ್ಲಿ ಹತ್ತು ಟಿ.ಎಂ.ಸಿ. ಅಡಿ ನೀರೂ ಇಲ್ಲವೆಂದಿತು. ಯೋಜನೆಯ ಪಕ್ಷದವರು 24 ಇದೆಯೆಂದರು. ಎರಡು ಕಡೆಯೂ ನಮ್ಮ ಜನರೇ, ಎರಡು ಕಡೆಯ ಭಾಷೆಯೂ ಕನ್ನಡವೇ. ಆದರೂ ಘಟ್ಟದ ಮೇಲಿನವರ ಮಾತು ಕೆಳಗಿನವರಿಗೆ, ಕೆಳಗಿನವರ ಮಾತು ಮೇಲಿನವರಿಗೆ ಕೇಳಿಸಲಿಲ್ಲ. ಒಂದೇ ನಾಡಿನವರು ಹೀಗಾದರೆ, ಬೇರೆ ಬೇರೆ ನಾಡಿನವರು ಕುಳಿತ ಸಭೆಯಲ್ಲಿ ನಮ್ಮ ನಾಳಿನ ಪ್ರತಿನಿಧಿಗಳು ಏನನ್ನು ತಾನೇ ಸಾಧಿಸಿಯಾರು?

ಮಾದರಿ ಸಭೆಯ ಪ್ರಯೋಜನವು ಇಲ್ಲಿಯೇ ಇದೆ. ಅಲ್ಲಿ ಕುಳಿತ ಹುಡುಗನು ತನಗೆ ತೋಚಿದ್ದನ್ನು ಹೇಳುವಂತಿಲ್ಲ. ತನ್ನ ಪಾಲಿಗೆ ಬಂದ ಪಕ್ಷದ ಹಿತವನ್ನು ಹೇಳಬೇಕು. ಅರಸೀಕೆರೆಯ ತೆಂಗಿನ ತೋಟದ ಮಗಳು ಉಳ್ಳಾಲದ ಮೊಗವೀರರ ಪರವಾಗಿ ಎದ್ದು ನಿಂತು, ಅವರ ಬಲೆಯ ಲೆಕ್ಕವನ್ನು ತಪ್ಪಿಲ್ಲದೆ ಹೇಳಲಿ. ಮಂಗಳೂರಿನಿಂದ ಅತಿಥಿಯಾಗಿ ಬಂದ ಹುಡುಗನು ಅರಸೀಕೆರೆಯ ಬತ್ತಿದ ಬಾವಿಯ ಪರವಾಗಿ ವಾದಿಸಲಿ. ಎದುರಾಳಿಯ ವಾದವನ್ನು ಅವನಿಗಿಂತಲೂ ಚೆನ್ನಾಗಿ ಹೇಳಬಲ್ಲವನೇ ಸಂಧಿಗೆ ಯೋಗ್ಯನು. ನಮ್ಮ ಶಾಲೆಗಳು ಉತ್ತರವನ್ನು ಕಲಿಸುತ್ತವೆ. ಇನ್ನೊಬ್ಬನ ಪ್ರಶ್ನೆಯನ್ನು ಅವನ ಜಾಗದಲ್ಲಿ ನಿಂತು ಕೇಳುವುದನ್ನು ಕಲಿಸುವುದಿಲ್ಲ.

ಹೀಗೆ ಮನೆಯ ವ್ಯಾಜ್ಯದಿಂದ ಕಲಿತವರಿಗೆ ಲೋಕದ ವ್ಯಾಜ್ಯವು ಕಠಿಣವಾಗದು. ಮಾಲ್ಟವೆಂಬ ದ್ವೀಪರಾಷ್ಟ್ರವು ವಿಸ್ತಾರದಲ್ಲಿ ಅರಸೀಕೆರೆ ತಾಲ್ಲೂಕಿಗಿಂತಲೂ ಚಿಕ್ಕದು, ಸ್ವತಂತ್ರವಾದುದು 1964ರಲ್ಲಿ. ಅದರ ರಾಯಭಾರಿ ಆರ್ವಿಡ್ ಪಾರ್ಡೊ ಎಂಬವರು 1967ನೆಯ ನವೆಂಬರ್ 1ರಂದು ವಿಶ್ವಸಂಸ್ಥೆಯಲ್ಲಿ ಎದ್ದು ನಿಂತು, ಯಾವ ರಾಷ್ಟ್ರದ ಎಲ್ಲೆಗೂ ಸೇರದ ಕಡಲತಳವು ಮನುಕುಲದ ಸಮಾನ ಆಸ್ತಿಯೆಂದು ಸಾರಿದರು. ಆ ವಿಚಾರವು ಬೆಳೆದು 1982ರ ಸಮುದ್ರ ಕಾನೂನಿನ ಒಡಂಬಡಿಕೆಯಲ್ಲಿ ಸ್ಥಾನ ಪಡೆಯಿತು. ಭಾರತವು 1995ರಲ್ಲಿ ಅದನ್ನು ಸ್ಥಿರೀಕರಿಸಿತು. ರಾಷ್ಟ್ರಗಳ ಎಲ್ಲೆಯಾಚೆಗಿನ ಕಡಲ ಜೀವಿಗಳ ರಕ್ಷಣೆಗಾಗಿ 2023ನೆಯ ಜೂನ್ 19ರಂದು ಇನ್ನೊಂದು ಒಡಂಬಡಿಕೆಯಾಯಿತು. ಭಾರತವು 2024ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿತು. 2026ನೆಯ ಜನವರಿ 17ರಿಂದ ಅದು ಜಾರಿಗೆ ಬಂದಿದೆ. ಚಿಕ್ಕ ದೇಶದ ಒಬ್ಬ ಮನುಷ್ಯನ ಸಿದ್ಧಮಾಡಿಕೊಂಡ ಮಾತಿಗೆ ಎಷ್ಟು ಬಲವಿದೆಯೆಂಬುದನ್ನು ನಮ್ಮ ಮಕ್ಕಳು ಇದರಿಂದ ಅರಿಯಬೇಕು.

ಈ ಒಡಂಬಡಿಕೆಗಳು ಕಾಗದದ ಮಾತಲ್ಲವೆಂಬುದಕ್ಕೆ ನೆರೆಯಲ್ಲಿಯೇ ನಿದರ್ಶನವಿದೆ. 2025ನೆಯ ಮೇ 25ರಂದು ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು ಕೊಚ್ಚಿಯ ಆಚೆಯ ಕಡಲಿನಲ್ಲಿ ಮುಳುಗಿತು. ನಾವಿಕರೆಲ್ಲರೂ ಉಳಿದರು. ಆದರೆ ಅದರಲ್ಲಿದ್ದ 640 ಪೆಟ್ಟಿಗೆಗಳಲ್ಲಿ ಕೆಲವು ಒಡೆದು, ಪ್ಲಾಸ್ಟಿಕ್ ಕಾಳುಗಳು ಕೇರಳದ ದಡಗಳಲ್ಲಿ ಹರಡಿದವು. ಬೆಸ್ತರ ಜೀವನಕ್ಕೆ ಅಡ್ಡಿ ಬಂತು. ಹಡಗಿನ ಮೇಲೆ ಹಾರುತ್ತಿದ್ದುದು ಲೈಬೀರಿಯದ ಬಾವುಟ. ಕೇರಳ ಸರಕಾರವು ಉಚ್ಚ ನ್ಯಾಯಾಲಯದಲ್ಲಿ 9,531 ಕೋಟಿ ರೂಪಾಯಿಗಳ ಪರಿಹಾರವನ್ನು ಕೇಳಿತು. ಬಾವುಟ ಒಬ್ಬರದು, ಹಡಗು ಇನ್ನೊಬ್ಬರದು, ಸರಕು ಮತ್ತೊಬ್ಬರದು, ಸತ್ತ ಮೀನು ನಮ್ಮದು. ಹೊಣೆ ಯಾರದು? ಹದಿನೈದು ವರ್ಷದ ಬುದ್ಧಿಯು ಹಿಡಿದು ಜಗ್ಗಾಡಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾವುದಿದೆ?

ಇನ್ನು ಭಾಷೆಯ ವಿಷಯ. ಈಗಿನ ಮಾದರಿ ಸಭೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಶುಲ್ಕ ತೆತ್ತು, ಕೋಟು ಟೈಗಳನ್ನು ಧರಿಸಿ ನಡೆಯುವಂಥವು. ಸರಕಾರಿ ಪ್ರೌಢಶಾಲೆಯ ಹುಡುಗನಿಗೆ ಆ ಬಾಗಿಲು ಮುಚ್ಚಿದೆ. ವಿಶ್ವಸಂಸ್ಥೆಯ ಭಾಷೆಯೇ ಇಂಗ್ಲಿಷೆಂದು ಹೇಳುವವರಿಗೆ ಒಂದು ಮಾತು: ಅಲ್ಲಿ ಮಾನ್ಯವಾದ ಭಾಷೆಗಳು ಆರು. ಅವುಗಳ ಹೊರಗಿನ ಭಾಷೆಯಲ್ಲಿ ಮಾತನಾಡಬಯಸುವ ಪ್ರತಿನಿಧಿಯು, ಭಾಷಾಂತರದ ಏರ್ಪಾಡನ್ನು ತಾನೇ ಮಾಡಿಕೊಂಡರೆ ಸಾಕು, ಮಹಾಸಭೆಯ ನಿಯಮವು ಅವನನ್ನು ತಡೆಯುವುದಿಲ್ಲ. 1977ರಲ್ಲಿ ವಿದೇಶಾಂಗ ಮಂತ್ರಿಗಳಾಗಿದ್ದ ಅಟಲ ಬಿಹಾರಿ ವಾಜಪೇಯಿಯವರು ಅಲ್ಲಿ ಹಿಂದಿಯಲ್ಲಿ ಮಾತನಾಡಿದುದು ಲೋಕವಿದಿತ. ವಿಶ್ವಸಂಸ್ಥೆಯೇ ತಡೆಯದ ದೇಶಭಾಷೆಯನ್ನು ವಿಶ್ವಸಂಸ್ಥೆಯ ಅಣಕವು ತಡೆಯುವುದು ಹಾಸ್ಯಾಸ್ಪದವಲ್ಲವೆ? ಇಂಗ್ಲಿಷನ್ನು ನಾವು ದ್ವೇಷಿಸುವುದಿಲ್ಲ. ಅದನ್ನು ಕಲಿಯತಕ್ಕದ್ದೇ ಸರಿ. ಆದರೆ ಆಲೋಚನೆಯು ಮೊದಲು ತಾಯ್ನುಡಿಯಲ್ಲಿ ಗಟ್ಟಿಯಾದರೆ ಪರಭಾಷೆಯಲ್ಲಿಯೂ ನಿಲ್ಲುತ್ತದೆ. ಇಲ್ಲವಾದರೆ ಬಾಯಿಪಾಠ ಮಾತ್ರ ಉಳಿಯುತ್ತದೆ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಮಕ್ಕಳಿಗಾಗಿ ಲೋಕಜ್ಞಾನವನ್ನೆಲ್ಲ ಕನ್ನಡದಲ್ಲಿ ಬಾಲ ಪ್ರಪಂಚವಾಗಿ ಕೊಟ್ಟಿರುವಾಗ, ನಮ್ಮ ಭಾಷೆಗೆ ಶಕ್ತಿ ಸಾಲದೆಂಬ ನೆಪವೂ ಸಲ್ಲದು.

ಲೋಕಸಭೆಗಳಲ್ಲಿ ಕನ್ನಡ ನಾಡಿನವರ ಸ್ಥಾನವು ಹೊಸದೂ ಅಲ್ಲ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ನಮ್ಮ ರಾಜ್ಯಾಂಗದ ಸಲಹೆಗಾರರಾಗಿದ್ದು, ಬಳಿಕ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಗಳಾದರು. ಕೊರಿಯದ ಯುದ್ಧವು ಸಿಡಿದ 1950ನೆಯ ಜೂನ್ ತಿಂಗಳಿನಲ್ಲಿ ಭದ್ರತಾ ಸಮಿತಿಯ ಅಗ್ರಾಸನದಲ್ಲಿದ್ದವರು ಅವರೇ. ತಾಲ್ಲೂಕಿನ ಜನರನ್ನು ಸಭೆಗೆ ಕರೆಯುವ ಪದ್ಧತಿಯೂ ನಮ್ಮಲ್ಲಿ ಹಳೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು 144 ಮಂದಿಯನ್ನು ಕೂಡಿಸಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ಅದಕ್ಕೆ ಅಧಿಕಾರವಿರಲಿಲ್ಲ. ಅಹವಾಲನ್ನು ಹೇಳುವ ಅವಕಾಶ ಮಾತ್ರವಿತ್ತು. ಅದನ್ನೂ ಆಟವೆಂದು ಹಳಿಯಬಹುದಾಗಿತ್ತು. ಆದರೆ ಸಭೆಯಲ್ಲಿ ಕುಳಿತು ಮಾತನಾಡುವ ಅಭ್ಯಾಸವು ಅಂಥವುಗಳಿಂದಲೇ ನಮ್ಮ ಜನರಲ್ಲಿ ಬೇರೂರಿತು. ಈಗ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಶಾಲೆಗಳಲ್ಲಿ ಯುವ ಸಂಸತ್ತಿನ ಸ್ಪರ್ಧೆಗಳಿವೆ. ನಾವು ಸೂಚಿಸುವುದು ಅದೇ ಹಾದಿಯ ಮುಂದಿನ ಮೆಟ್ಟಿಲು.

ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಮೂರು ಊರುಗಳ ಪ್ರೌಢಶಾಲೆಗಳಿಂದಲೂ ಪದವಿಪೂರ್ವ ಕಾಲೇಜುಗಳಿಂದಲೂ ನಲವತ್ತು ವಿದ್ಯಾರ್ಥಿಗಳನ್ನು ಆರಿಸಲಿ. ಹುಡುಗಿಯರು ಅರ್ಧದಷ್ಟಾದರೂ ಇರಲಿ. ಪಕ್ಷಗಳನ್ನು ಚೀಟಿಯೆತ್ತಿ ಹಂಚಲಿ. ಮೊದಲನೆಯ ದಿನ ನೇತ್ರಾವತಿಯ ನೀರನ್ನೂ, ಎರಡನೆಯ ದಿನ ಎಲ್ಲೆಯಾಚೆಗಿನ ಕಡಲನ್ನೂ ಚರ್ಚಿಸಲಿ. ಮೊದಲನೆಯ ದಿನದ ನಡುವೆ ಪಕ್ಷಗಳನ್ನು ಅದಲುಬದಲು ಮಾಡಲಿ. ಪ್ರತಿಯೊಬ್ಬನೂ ಹೇಳುವ ಅಂಕೆಗೆ ಆಧಾರವನ್ನು ತೋರಿಸಲಿ. ತೋರಿಸಲಾರದ ಅಂಕೆಯನ್ನು ಅಗ್ರಾಸನದವರು ತಳ್ಳಿಹಾಕಲಿ. ಉತ್ತಮ ಭಾಷಣಕ್ಕೆ ಬಹುಮಾನವನ್ನು ಕೊಡುವ ಬದಲು, ಎರಡು ಪಕ್ಷಗಳೂ ಒಪ್ಪುವ ತಿದ್ದುಪಡಿಯನ್ನು ಬರೆದವರಿಗೆ ಕೊಡಲಿ. ಕೊನೆಯ ಗೊತ್ತುವಳಿಯನ್ನು ಕಪಾಟಿನಲ್ಲಿಡದೆ, ನಮ್ಮ ಶಾಸಕರಿಗೂ ಮಂಗಳೂರಿನ ಶಾಸಕರಿಗೂ ಕಳುಹಿಸಲಿ. ಪರೀಕ್ಷೆಗೆ ಅಡ್ಡಿಯೆಂದು ಗೊಣಗುವ ಪೋಷಕರು, ಭೂಗೋಳ, ಪೌರನೀತಿ, ವಿಜ್ಞಾನ, ಭಾಷೆ ಇವು ನಾಲ್ಕೂ ಇದರಲ್ಲಿ ಅಡಗಿವೆಯೆಂಬುದನ್ನು ಮರೆಯಬಾರದು.

2023ನೆಯ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ಲೋಕದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾವೆಲ್ಲರೂ ಹಿಗ್ಗಿದೆವು. ಆ ತೀರ್ಮಾನವಾದುದು ದೂರದ ರಿಯಾದಿನಲ್ಲಿ, ನಾನಾ ದೇಶಗಳ ಪ್ರತಿನಿಧಿಗಳು ಕೂಡಿದ್ದ ಸಭೆಯಲ್ಲಿ. ನಮ್ಮ ಕಲ್ಲು ಲೋಕದ ಸೊತ್ತೆಂದು ಅವರು ಒಪ್ಪಿದರು. ಹಾಗಾದರೆ ಲೋಕದ ಕಡಲು ನಮ್ಮ ಸೊತ್ತೂ ಅಹುದು. ಸೊತ್ತಿನೊಡನೆ ಹೊಣೆಯೂ ಬರುತ್ತದೆ. ಮುಂದಿನ ಶಾಲಾ ವರ್ಷವು ಮುಗಿಯುವುದರೊಳಗಾಗಿ ಈ ಮೂರು ಊರುಗಳಲ್ಲಿ ಒಂದಾದರೂ ಇಂತಹ ಸಭೆಯನ್ನು ಕೂಡಿಸಲಿ. ಉಪಾಧ್ಯಾಯರೂ, ವಿದ್ಯಾ ಇಲಾಖೆಯವರೂ, ಊರಿನ ಹಿರಿಯರೂ ಇದಕ್ಕೆ ಮನಸ್ಸು ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಆ ಸಭೆಯ ಗೊತ್ತುವಳಿಯು ಯಾವುದಾದರೂ ಆಗಲಿ, ಅದಕ್ಕೆ ಈ ಪತ್ರಿಕೆಯ ಪುಟದಲ್ಲಿ ಸ್ಥಳವುಂಟು.