ನಿಂತ ಗಾಡಿ

ಓಡುವ ಗಾಡಿಯ ಯೋಗಕ್ಷೇಮವನ್ನು ಕುರಿತು ಬುದ್ಧಿ ಹೇಳುವವರು ಬೀದಿಗೆ ಹತ್ತು ಮಂದಿ ಸಿಕ್ಕುತ್ತಾರೆ. ನಿಂತ ಗಾಡಿಯ ಸುದ್ದಿಯನ್ನು ಕೇಳುವವರಿಲ್ಲ. ಓಡದ ವಸ್ತು ಸವೆಯುವುದಾದರೂ ಹೇಗೆ ಎಂದು ನಾನೂ ಬಹುಕಾಲ ನಂಬಿಕೊಂಡಿದ್ದವನೇ. ಆ ನಂಬಿಕೆ ಹುಸಿಯೆಂದು ತಿಳಿದದ್ದು 2024ರ ಆಷಾಢದಲ್ಲಿ. ತಿಳಿಸಿಕೊಟ್ಟದ್ದು ಭದ್ರಾ ಹೊಳೆ.

ಶಿವಮೊಗ್ಗದ ನಮ್ಮ ಮನೆಯ ಹಿತ್ತಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಒಂದು ಪಿಕಪ್ ಗಾಡಿ ಇದೆ. ನನ್ನ ಮಾವನವರು ಕೊಂಡದ್ದು. ಭದ್ರಾವತಿ ತಾಲ್ಲೂಕಿನಲ್ಲಿ ಭದ್ರಾ ನಾಲೆಯ ನೀರು ಹಾಯುವ ಎರಡು ಎಕರೆ ಅಡಿಕೆ ತೋಟವನ್ನು ಅವರು ತಾವೇ ನಿಂತು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಈ ಗಾಡಿಗೆ ಬಿಡುವೆಂಬುದೇ ಇರಲಿಲ್ಲ. ಗೊನೆಗಳನ್ನು ಸುಲಿಯುವ ಮನೆಗೆ ಸಾಗಿಸಬೇಕು, ಒಣಗಿದ ಅಡಿಕೆಯನ್ನು ಶಿವಮೊಗ್ಗದ ಮಂಡಿಗೆ ಮುಟ್ಟಿಸಬೇಕು, ಹಿಂದಿರುಗುವಾಗ ಗೊಬ್ಬರ ತರಬೇಕು. ಅವರು ತೀರಿಕೊಂಡ ಮೇಲೆ ನಾವು ತೋಟವನ್ನು ಚೇಣಿಗೆ ಕೊಟ್ಟೆವು. ಚೇಣಿದಾರರು ತಮ್ಮ ಆಳು, ತಮ್ಮ ಗಾಡಿ ತಂದು ಕೊಯ್ದುಕೊಂಡು ಹೋಗುತ್ತಾರೆ. ನಮ್ಮ ಗಾಡಿಗೆ ಉಳಿದದ್ದು ವರ್ಷಕ್ಕೆ ಮೂರು ನಾಲ್ಕು ಸಲ ಗೊಬ್ಬರದ ಹೊರೆ, ಮತ್ತು ನೆಂಟರಿಷ್ಟರ ಪೈಕಿ ಯಾರಾದರೂ ಮನೆ ಬದಲಾಯಿಸಿದರೆ ಆ ಒಂದು ದಿನದ ಕೆಲಸ. ಮಾರಿಬಿಡೋಣವೆಂದು ನಾನು ಒಂದೆರಡು ಸಲ ಬಾಯಿ ತೆರೆದದ್ದುಂಟು. “ಅಪ್ಪಯ್ಯನ ಗಾಡಿ ಇರಲಿ ಬಿಡಿ, ಅದೇನು ನಿಮ್ಮ ಹತ್ತಿರ ಊಟ ಕೇಳ್ತದಾ?” ಎಂದು ಮನೆಯಾಕೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಅದೂ ಊಟ ಕೇಳುತ್ತದೆಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ನನ್ನ ಅಕ್ಕನ ಮನೆ ಭದ್ರಾವತಿಯಲ್ಲಿ, ಹೊಳೆಯಂಚಿನ ತಗ್ಗಿನಲ್ಲಿ. ಆ ವರ್ಷ ಜುಲೈ ಕೊನೆಯಲ್ಲಿ ಲಕ್ಕವಳ್ಳಿಯ ಜಲಾಶಯಕ್ಕೆ ಒಳಹರಿವು ಏರಿ, ನೀರಿನ ಮಟ್ಟ 186 ಅಡಿಯ ಪೂರ್ಣ ಗುರುತನ್ನು ಸಮೀಪಿಸುತ್ತಲೇ ಹೊಳೆಗೆ ನೀರು ಬಿಟ್ಟರು. ಸಂಜೆ ಅಕ್ಕನ ಫೋನು ಬಂದಿತು. “ತಮ್ಮಾ, ನೀರು ಹಿತ್ತಿಲ ಮೆಟ್ಟಿಲಿಗೆ ಬಂತು. ಗಾಡಿ ತಗೊಂಡು ಬಾ” ಎಂದಷ್ಟೇ ಹೇಳಿದಳು. ನಾನು ಮಳೆಯಲ್ಲಿಯೇ ಓಡಿ ಕೀಲಿ ತಿರುಗಿಸಿದೆ. ಟಕ್ ಎಂದೊಂದು ಸದ್ದು. ಅನಂತರ ಅದೂ ಇಲ್ಲ. ನೆರೆಯವರ ಕಾರಿನಿಂದ ತಂತಿ ಎಳೆದು ಎಂಜಿನ್ನನ್ನು ಹೇಗೋ ಎಬ್ಬಿಸಿದ್ದಾಯಿತು. ಗೇರು ಹಾಕಿದರೆ ಗಾಡಿ ಮೂಗು ಎತ್ತಿತೇ ಹೊರತು ಹೆಜ್ಜೆ ಇಡಲಿಲ್ಲ. ಏಪ್ರಿಲ್ ತಿಂಗಳಿನಲ್ಲಿ ನಾನೇ ಬಲವಾಗಿ ಎಳೆದಿಟ್ಟಿದ್ದ ಹ್ಯಾಂಡ್ ಬ್ರೇಕು ಹಿಂದಿನ ಗಾಲಿಗಳ ಡ್ರಮ್ಮಿಗೆ ಅಂಟಿ ಕುಳಿತಿತ್ತು. ಅದನ್ನು ಬಿಡಿಸುವಷ್ಟರಲ್ಲಿ ಎರಡು ಗಂಟೆ ಕಳೆಯಿತು.

ನಾನು ತಲುಪಿದಾಗ ಬೀದಿಯವರೆಲ್ಲ ಸೇರಿ ಯಾರದೋ ಟ್ರ್ಯಾಕ್ಟರಿನಲ್ಲಿ ಅಕ್ಕಿಯ ಮೂಟೆ, ಬೀರು, ಹಾಸಿಗೆಗಳನ್ನು ಸಾಗಿಸಿದ್ದರು. ಯಾರಿಗೂ ಅಪಾಯವಾಗಲಿಲ್ಲವೆಂಬುದೇ ಸಮಾಧಾನ. ಆದರೆ ಕೊನೆಯ ಸರದಿಗೆಂದು ಉಳಿಸಿದ್ದ ಅಕ್ಕನ ಹೊಲಿಗೆಯಂತ್ರ ಮೋಟಾರಿನ ಮಟ್ಟಕ್ಕೆ ನೀರಿನಲ್ಲಿ ನಿಂತಿತ್ತು. ಇಪ್ಪತ್ತು ವರ್ಷ ಅದರಿಂದಲೇ ಅವಳು ಇಬ್ಬರು ಮಕ್ಕಳ ಶಾಲೆಯ ಶುಲ್ಕ ಕಟ್ಟಿದ್ದಳು. ಅಕ್ಕ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಹದಿನೈದು ದಿನ ಕಳೆದು ಭಾವ ನಮ್ಮ ಮನೆಗೆ ಬಂದರು, ಕೈಯಲ್ಲಿ ಸ್ಪ್ಯಾನರುಗಳ ಚೀಲ. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ವಾಹನಗಳ ವಿಭಾಗದಲ್ಲಿದ್ದು ನಿವೃತ್ತರಾದವರು. 1923ರಲ್ಲಿ ಇದ್ದಿಲಿನ ಬೆಂಕಿಯಿಂದ ಕಬ್ಬಿಣ ತೆಗೆಯತೊಡಗಿದ ಆ ಕಾರ್ಖಾನೆಯ ಊರಿನವರಿಗೆ ಲೋಹದ ಸ್ವಭಾವ ನಮಗಿಂತ ಚೆನ್ನಾಗಿ ತಿಳಿದಿರುತ್ತದೆ. ಊದುಕುಲುಮೆಯನ್ನು ಸುಮ್ಮನೆ ಆರಲು ಬಿಟ್ಟರೆ ಒಳಗಿನ ದ್ರವವೆಲ್ಲ ಗಡ್ಡೆ ಕಟ್ಟಿ ಕುಲುಮೆಯೇ ಕೈಬಿಡುತ್ತದಂತೆ. “ನಿನ್ನ ಗಾಡಿ ಅಷ್ಟು ದೊಡ್ಡ ಮನುಷ್ಯನಲ್ಲ ಮಾರಾಯ, ಆದರೆ ಜಾತಿ ಅದೇ” ಎಂದು ಭಾವ ಬಾನೆಟ್ಟು ಎತ್ತಿದರು.

ಮೊದಲು ಬ್ಯಾಟರಿ. ಗಾಡಿ ನಿಂತಿದ್ದರೂ ಬ್ಯಾಟರಿಯ ಶಕ್ತಿ ತಾನಾಗಿ ಇಳಿಯುತ್ತಿರುತ್ತದೆ. ಗಡಿಯಾರ, ಬೀಗದ ಯಂತ್ರ ಮೊದಲಾದವು ಹೀರುವುದು ಬೇರೆ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಕೆಳಗಿಳಿದು ಹಾಗೆಯೇ ವಾರಗಟ್ಟಲೆ ಉಳಿದರೆ ಒಳಗಿನ ಸೀಸದ ಫಲಕಗಳ ಮೇಲೆ ಹರಳು ಗಟ್ಟಿಯಾಗಿ, ಮತ್ತೆ ಎಷ್ಟು ಚಾರ್ಜು ಮಾಡಿದರೂ ಅದು ಹಿಡಿದಿಟ್ಟುಕೊಳ್ಳದು. ತಿಂಗಳು ಕಾಲ ಗಾಡಿ ತೆಗೆಯುವುದಿಲ್ಲವೆಂದಾದರೆ ತಂತಿ ಬಿಚ್ಚಿಡಬೇಕು: ಬಿಚ್ಚುವಾಗ ಋಣ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಹಾಗೆ ಮಾಡಿದರೆ ಸ್ಪ್ಯಾನರು ಗಾಡಿಯ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ. ನಮ್ಮ ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಬೂಷ್ಟು ಬೆಳೆದಿತ್ತು. ಭಾವ ಅಡುಗೆಮನೆಯಿಂದ ಬಿಸಿನೀರು, ಅಡುಗೆ ಸೋಡ ತರಿಸಿ ತೊಳೆದು, ಒರೆಸಿ, ವ್ಯಾಸಲೀನು ಸವರಿದರು. ಸೋಡದ ಡಬ್ಬಿ ಮರಳಿ ಅಡುಗೆಮನೆಗೆ ಹೋಗಲು ಮನೆಯಾಕೆ ಒಪ್ಪಲಿಲ್ಲ.

ಬ್ರೇಕಿನ ವಿಷಯದಲ್ಲಿ ಅವರ ಮಾತು ಖಡಾಖಂಡಿತ. ನಮ್ಮ ಕಡೆಯ ಮಳೆಗಾಲದಲ್ಲಿ ಗಾಡಿಯನ್ನು ಬಹುದಿನ ನಿಲ್ಲಿಸುವಾಗ ಹ್ಯಾಂಡ್ ಬ್ರೇಕು ಎಳೆದಿಡಲೇ ಕೂಡದು. ತೇವಕ್ಕೆ ಡ್ರಮ್ಮಿನ ಒಳಮೈ ತುಕ್ಕು ಹಿಡಿದು ಲೈನರು ಅದಕ್ಕೆ ಕಚ್ಚಿಕೊಳ್ಳುತ್ತದೆ. ಸಮತಟ್ಟಾದ ನೆಲದಲ್ಲಿ ಮೊದಲನೆಯ ಗೇರಿನಲ್ಲಿ ನಿಲ್ಲಿಸಿ, ಗಾಲಿಯ ಹಿಂದೂ ಮುಂದೂ ಮರದ ದಿಮ್ಮಿ ಕೊಡಬೇಕು. ಬ್ರೇಕಿನ ಎಣ್ಣೆಯೂ ಗಾಳಿಯ ತೇವವನ್ನು ಹೀರುವಂಥದು. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ತುಕ್ಕಿನ ಕಥೆ ಇನ್ನೂ ದೊಡ್ಡದು. ಗೊಬ್ಬರ ಇಳಿಸಿದ ಮೇಲೆ ನಾನು ತೊಟ್ಟಿಯನ್ನು ಪೊರಕೆಯಿಂದ ಗುಡಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಪೊಟ್ಯಾಷ್ ಗೊಬ್ಬರವೆಂಬುದು ಒಂದು ಬಗೆಯ ಉಪ್ಪೇ. ತಗಡಿನ ಸಂದಿಯಲ್ಲಿ ಚಿಟಿಕೆಯಷ್ಟು ಉಳಿದು ತೇವ ಸೋಕಿದರೂ ಸಾಕು. ಭಾವ ತೊಟ್ಟಿಯ ಮೂಲೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದರು. ಅದು ಹಪ್ಪಳದಂತೆ ಮುರಿದು ಕೆಳಗಿನ ನೆಲ ಕಾಣಿಸಿತು. ಬಾಗಿಲುಗಳ ಅಡಿಯಲ್ಲಿ ನೀರು ಇಳಿಯುವ ತೂತುಗಳಿವೆಯೆಂಬುದನ್ನು ನಾನು ಆ ದಿನ ಕಂಡೆ. ಅಡಿಕೆಯ ಸಿಪ್ಪೆ, ನಾರು ಸೇರಿ ಅವು ಮುಚ್ಚಿಹೋಗಿದ್ದವು. ನಾನು ಪ್ರೀತಿಯಿಂದ ಬಿಗಿಯಾಗಿ ಹೊದಿಸಿದ್ದ ಟಾರ್ಪಾಲು ಮಳೆಯನ್ನು ತಡೆದದ್ದಕ್ಕಿಂತ ತೇವವನ್ನು ಒಳಗೆ ಕಟ್ಟಿಹಾಕಿದ್ದೇ ಹೆಚ್ಚು. ಮೇಲೆ ಮಾಡು, ಬದಿಗೆ ಗಾಳಿ, ಕೆಳಗೆ ಮಣ್ಣಿಗೆ ಬದಲು ಕಲ್ಲಿನ ನೆಲ, ಇಷ್ಟಿದ್ದರೆ ಹೊದಿಕೆಯ ಅಗತ್ಯವಿಲ್ಲವೆಂಬುದು ಅವರ ಅಭಿಪ್ರಾಯ.

ಇನ್ನು ನನ್ನ ಹೆಮ್ಮೆಯ ವಿಷಯಕ್ಕೆ ಬರುತ್ತೇನೆ. ಬೇಸಗೆಯವರೆಗೂ ನಾನು ಪ್ರತಿ ಭಾನುವಾರ ಗಾಡಿಯನ್ನು ಐದು ನಿಮಿಷ ನಿಂತಲ್ಲಿಯೇ ಚಾಲೂ ಮಾಡಿ ಆರಿಸುತ್ತಿದ್ದೆ. ಇದನ್ನು ಹೇಳಿದಾಗ ಭಾವ ಮೆಚ್ಚುವರೆಂದುಕೊಂಡಿದ್ದೆ. ಅವರು ಹಣೆ ಚಚ್ಚಿಕೊಂಡರು. ಒಂದು ಲೀಟರ್ ಡೀಸೆಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಅದು ಹೊಗೆಯೊಡನೆ ಹೊರಗೆ ಹೋಗುವುದು. ಐದು ನಿಮಿಷದ ತಣ್ಣನೆಯ ಎಂಜಿನ್ನಿನಲ್ಲಿ ಅದು ಸೈಲೆನ್ಸರಿನಲ್ಲಿಯೂ ಆಯಿಲಿನಲ್ಲಿಯೂ ನೀರಾಗಿ ಕೂರುವುದು. ಚಾಲೂ ಮಾಡಲು ಬ್ಯಾಟರಿಯಿಂದ ತೆಗೆದ ಶಕ್ತಿಯೂ ಅಷ್ಟರಲ್ಲಿ ಮರಳಿ ತುಂಬದು. ಹೀಗೆ ಅರೆಬರೆ ಎಬ್ಬಿಸುವುದಕ್ಕಿಂತ ಮಲಗಲು ಬಿಡುವುದೇ ವಾಸಿ. ಎಬ್ಬಿಸಿದರೆ ರಸ್ತೆಗೆ ಕೊಂಡೊಯ್ದು, ಮೈ ಕಾಯುವವರೆಗೆ, ಅರ್ಧ ಗಂಟೆಯಾದರೂ ಓಡಿಸಬೇಕು. ಆಗ ಗೇರು, ಬ್ರೇಕು, ಸ್ಟೀರಿಂಗು ಎಲ್ಲಕ್ಕೂ ಚಲನೆ ಸಿಕ್ಕುತ್ತದೆ. ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾದ ಟೈರುಗಳೂ ದುಂಡಗಾಗುತ್ತವೆ. ಹೊಸ ಗಾಡಿಯುಳ್ಳವರಿಗೆ ಇದು ಇನ್ನೂ ಮುಖ್ಯ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಸೋಸುಕವೊಂದಿರುತ್ತದೆ. ಆ ಮಸಿ ಉರಿದುಹೋಗಬೇಕಾದರೆ ಸ್ವಲ್ಪ ಹೊತ್ತಿನ ಸಮವೇಗದ ಓಟವೇ ಬೇಕು. ಬೀದಿಯ ಕೊನೆಯ ಅಂಗಡಿಗೆ ಹೋಗಿ ಬಂದರೆ ಸಾಲದು.

ಉಳಿದವು ಸಣ್ಣ ಸಂಗತಿಗಳು. ಡೀಸೆಲ್ ಟ್ಯಾಂಕು ತುಂಬಿರಲಿ. ಖಾಲಿ ಜಾಗದ ಗಾಳಿಯ ತೇವ ನೀರಾಗಿ ತಳಕ್ಕೆ ಇಳಿದು, ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಲೋಳೆ ಫಿಲ್ಟರನ್ನು ಕಟ್ಟುತ್ತದೆ. ಫಿಲ್ಟರಿನ ಅಡಿಯ ತಿರುಪನ್ನು ಸಡಿಲಿಸಿ ಆಗಾಗ್ಗೆ ಆ ನೀರನ್ನು ಬಿಡಬೇಕು. ಎಂಜಿನ್ ಆಯಿಲನ್ನು ಕಿಲೋಮೀಟರಿನ ಲೆಕ್ಕಕ್ಕೆ ಕಾಯದೆ ವರ್ಷಕ್ಕೊಮ್ಮೆ ಬದಲಾಯಿಸುವುದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಗೀರುಗಳು ಆಳವಾಗಿದ್ದರೂ ಬದಿ ಬಿರುಕು ಬಿಟ್ಟ ಹಳೆಯ ಟೈರನ್ನು ನಂಬಲಾಗದು. ಇಲಿಗಳಿಗೆಂದು ನಾನು ಇಟ್ಟ ನುಸಿಗುಳಿಗೆಗಳನ್ನು ಅವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಹುಲ್ಲು, ಗೋಣಿಚೀಲಗಳನ್ನು ಬೇರೆಡೆಗೆ ಸಾಗಿಸಿದ ಮೇಲೆಯೇ ತಂತಿ ಕಡಿಯುವುದು ನಿಂತಿತು. ಕಾಗದಪತ್ರಗಳೂ ಮಲಗಬಾರದು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ ವರ್ಷವರ್ಷವೂ ಆಗಬೇಕು. ವಿಮೆ, ಹೊಗೆ ತಪಾಸಣೆಗಳ ತಾರೀಖುಗಳನ್ನು ನಾನು ಈಗ ಗೋಡೆಯ ಪಂಚಾಂಗದಲ್ಲಿ ಏಕಾದಶಿಯ ಪಕ್ಕದಲ್ಲಿಯೇ ಗುರುತು ಹಾಕಿದ್ದೇನೆ.

ಅರ್ಧ ಗಂಟೆ ಓಡಿಸುವುದು ಎಲ್ಲಿಗೆ ಎಂದು ನಾನು ಭಾವನವರನ್ನು ಕೇಳಿದ್ದೆ. ಅವರು ಉತ್ತರ ಹೇಳದೆ ನನ್ನ ಮುಖವನ್ನೇ ನೋಡಿದರು. ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಮಾಚೇನಹಳ್ಳಿಯನ್ನು ದಾಟುವ ಹೊತ್ತಿಗೆ ಶಾಖದ ಮುಳ್ಳು ನಡುವಿಗೆ ಬಂದು ನಿಂತಿರುತ್ತದೆ. ಈಗ ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಗಾಡಿಯನ್ನು ಅಕ್ಕನ ಮನೆಯ ಮುಂದೆ ನಿಲ್ಲಿಸುತ್ತೇನೆ. ಎಷ್ಟೋ ವರ್ಷ ಹಬ್ಬಕ್ಕೊಮ್ಮೆ ಹೋಗುತ್ತಿದ್ದ ಮನೆ ಅದು. ಹೊಲಿಗೆಯಂತ್ರಕ್ಕೆ ಹೊಸ ಮೋಟಾರು ಹಾಕಿಸಿದ್ದಾಗಿದೆ. ಅದರ ಹಣ ಕೊಡಲು ಅಕ್ಕ ನನಗೆ ಬಿಡದಿದ್ದುದು ಬೇರೆಯೇ ಜಗಳ. ಅವಳು ಕಾಫಿ ತರುವಷ್ಟರಲ್ಲಿ ಭಾವ ಬೀದಿಗೆ ಬಂದು, ಹಿಂದಿನ ಗಾಲಿಯ ಡ್ರಮ್ಮಿಗೆ ಅಂಗೈ ಒತ್ತಿ ಬಿಸಿ ನೋಡಿ, “ಬ್ರೇಕು ಹಿಡಿಯುತ್ತಿಲ್ಲ, ಬಾ ಒಳಗೆ” ಎನ್ನುತ್ತಾರೆ.